ಸೂರ್ಯ ತಿರುಗಿ ಮೂರು ವಾರವಾದ ಮೇಲೆ ಉತ್ತರಾಯಣ

ವರ್ಷಕ್ಕೆ ಎರಡು ಸಲ, ಡಿಸೆಂಬರ್ ಕೊನೆಯ ವಾರದಲ್ಲೊಮ್ಮೆ, ಯುಗಾದಿಯ ಹಿಂದೆ ಮುಂದೆ ಇನ್ನೊಮ್ಮೆ, ಕನ್ನಡಿಗರ ಮೊಬೈಲುಗಳಿಗೆಲ್ಲ ಒಂದೇ ಪಾಠ ಬಂದು ಬೀಳುತ್ತದೆ. ಜನವರಿ ಒಂದು ನಮ್ಮ ಹೊಸ ವರ್ಷವಲ್ಲ. ಅದು ಬ್ರಿಟಿಷರು ಹೇರಿಹೋದ, ತಲೆಬುಡವಿಲ್ಲದ ಲೆಕ್ಕ. ಆಕಾಶಕ್ಕೂ ಋತುವಿಗೂ ಹೊಂದುವ, ಲೋಕದಲ್ಲೇ ಏಕೈಕ ವೈಜ್ಞಾನಿಕ ಕಾಲಗಣನೆ ನಮ್ಮ ಪಂಚಾಂಗ. ಮೂಡಿಗೆರೆ ತಾಲ್ಲೂಕಿನ ಜಾವಳಿಯಂಥ ಊರುಗಳಲ್ಲಿ ಸಿಗ್ನಲ್ ಹುಡುಕಿಕೊಂಡು ದಿಬ್ಬ ಹತ್ತಬೇಕು. ಹತ್ತಿದವರಿಗೂ ಮೊದಲು ಸಿಗುವುದು ಇದೇ ಪಾಠ. ಈಗ ಇದು ಮೊಬೈಲಿನಲ್ಲಷ್ಟೇ ಉಳಿದಿಲ್ಲ. ಶಾಲಾ ವಾರ್ಷಿಕೋತ್ಸವದ ಭಾಷಣದಲ್ಲಿ, ಯುಗಾದಿ ಪುರವಣಿಯಲ್ಲಿ, ಬೆಳಗಿನ ಟಿವಿಯಲ್ಲಿ ಅದು ಸಿದ್ಧಸತ್ಯವಾಗಿ ಓಡಾಡುತ್ತಿದೆ. ಎದ್ದು ನಿಂತು ಪ್ರಶ್ನೆ ಕೇಳುವವರಿಲ್ಲ. ಕೇಳಿದರೆ ದೇಶದ ಮೇಲೋ ದೇವರ ಮೇಲೋ ಕೈಮಾಡಿದ ಹಾಗೆ.

ಆದರೂ ಕೇಳಲೇಬೇಕು. ಯಾಕೆಂದರೆ ಆ ಪಾಠ ಸುಳ್ಳು. ಅದರಲ್ಲೂ ಪಂಚಾಂಗದ ಮರ್ಯಾದೆಯನ್ನೇ ತೆಗೆಯುವ ಸುಳ್ಳು.

ಉತ್ತರಾಯಣವನ್ನೇ ತೆಗೆದುಕೊಳ್ಳಿ. ದಕ್ಷಿಣಕ್ಕೆ ಸರಿಯುತ್ತಿದ್ದ ಸೂರ್ಯ ಉತ್ತರಕ್ಕೆ ತಿರುಗುವ ದಿನ ಉತ್ತರಾಯಣದ ಆರಂಭ. ಇದರಲ್ಲಿ ಯಾರದ್ದೂ ತಕರಾರಿಲ್ಲ. ಆ ತಿರುವು ಆಗುವುದು ಡಿಸೆಂಬರ್ 21 ಇಲ್ಲವೇ 22ರಂದು. ನಾವು ಅದನ್ನು ಆಚರಿಸುವುದು ಜನವರಿ 14 ಇಲ್ಲವೇ 15ರಂದು, ಮಕರ ಸಂಕ್ರಾಂತಿಗೆ. ನಡುವೆ 24 ದಿನ. ಶರಶಯ್ಯೆಯಲ್ಲಿ ಉತ್ತರಾಯಣಕ್ಕಾಗಿ ಕಾದ ಭೀಷ್ಮನ ಕತೆಯನ್ನು ಗದ್ಗದರಾಗಿ ಹೇಳುವ ಪ್ರವಚನಕಾರರಿದ್ದಾರೆ. ಇವತ್ತಿನ ಪಂಚಾಂಗ ನಂಬಿ ಕಾದಿದ್ದರೆ ಆ ಮುದುಕ ಮೂರು ವಾರಕ್ಕೂ ಹೆಚ್ಚು ಕಾಲ ಸುಮ್ಮಸುಮ್ಮನೆ ಬಾಣಗಳ ಮೇಲೆ ಮಲಗಿರಬೇಕಾಗಿತ್ತು ಎಂಬುದನ್ನು ಮಾತ್ರ ಅವರು ಹೇಳುವುದಿಲ್ಲ.

ಇದನ್ನು ತಿಳಿಯಲು ದೂರದರ್ಶಕ ಬೇಡ, ನಾಸಾ ಬೇಡ. ಡಿಸೆಂಬರ್ ಹೊತ್ತಿಗೆ ಜಾವಳಿ, ಕಳಸದ ಕಡೆ ಮಳೆ ಬಿಟ್ಟು ಬಿಸಿಲು ಬಿದ್ದಿರುತ್ತದೆ. ಅರೇಬಿಕಾ ಕುಯ್ಲು ನಡೆದಿರುತ್ತದೆ, ಕಣದ ತುಂಬ ಕಾಫಿ ಹರವಿರುತ್ತಾರೆ. ಆ ಕಣದ ಮೂಲೆಯಲ್ಲಿ ಒಂದು ಮೀಟರಿನ ಕೋಲು ನೆಟ್ಟಗೆ ನಿಲ್ಲಿಸಿ ನಡುಮಧ್ಯಾಹ್ನದ ನೆರಳು ಅಳೆದರೆ ಸಾಕು. ಡಿಸೆಂಬರ್ 21-22ರಂದು ನೆರಳು ವರ್ಷದಲ್ಲೇ ಅತ್ಯಂತ ಉದ್ದ, ಸುಮಾರು 74 ಸೆಂಟಿಮೀಟರ್. ಎಳ್ಳು ಬೆಲ್ಲ ಹಂಚುವ ದಿನ ಅದೇ ನೆರಳು ಐದು ಸೆಂಟಿಮೀಟರಿನಷ್ಟು ಗಿಡ್ಡವಾಗಿರುತ್ತದೆ. ಅಂದರೆ ಸೂರ್ಯ ಆಗಲೇ ಉತ್ತರದ ದಾರಿ ಹಿಡಿದು ಸಾಕಷ್ಟು ದೂರ ಬಂದುಬಿಟ್ಟಿದ್ದಾನೆ. ನಾವು ಅವನನ್ನು ಇವತ್ತು ಹೊರಟ ಎಂದು ಬೀಳ್ಕೊಡುತ್ತಿದ್ದೇವೆ!

ಬೆಂಗಳೂರಿನ ಗವಿಗಂಗಾಧರೇಶ್ವರ ದೇವಸ್ಥಾನದಲ್ಲಿ ಸಂಕ್ರಾಂತಿಯ ಸಂಜೆ ಸೂರ್ಯಕಿರಣ ಲಿಂಗವನ್ನು ಮುಟ್ಟುವುದನ್ನು ಟಿವಿಗಳು ಪ್ರತಿವರ್ಷ ನೇರವಾಗಿ ತೋರಿಸುತ್ತವೆ. ಸೂರ್ಯ ಪಥ ಬದಲಿಸಿದ್ದಕ್ಕೆ ಇದೇ ಸಾಕ್ಷಿ ಎಂದು ನಿರೂಪಕರು ಕೂಗುತ್ತಾರೆ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದ್ದು ಬೇರೆಯದನ್ನೇ: ಅದೇ ಕಿರಣ ನವೆಂಬರ್ ಕೊನೆ, ಡಿಸೆಂಬರ್ ಮೊದಲ ದಿನಗಳಲ್ಲೂ ಅದೇ ಗರ್ಭಗುಡಿಯೊಳಗೆ ಹೊಗುತ್ತದೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ತಿರುವಿನ ಬಿಂದುವಿನಲ್ಲಿ ಯಾರೂ ಎರಡು ಸಲ ಹಾದುಹೋಗುವುದಿಲ್ಲ. ದಾರಿಯ ನಡುವಿನ ಜಾಗದಲ್ಲಿ ಮಾತ್ರ ಹಾಗಾಗುತ್ತದೆ. ಸಂಕ್ರಾಂತಿ ತಿರುವಿನ ದಿನವಲ್ಲ ಎಂಬುದಕ್ಕೆ ಆ ದೇವಸ್ಥಾನವೇ ಸಾಕ್ಷಿ ನುಡಿಯುತ್ತಿದೆ. ನವೆಂಬರಿನಲ್ಲಿ ಅಲ್ಲಿಗೆ ಕ್ಯಾಮೆರಾ ಯಾಕೆ ಹೋಗುವುದಿಲ್ಲ?

ಈ 24 ದಿನ ಎಲ್ಲಿಂದ ಬಂತು? ಭೂಮಿಯ ಅಕ್ಷ ಬಲು ನಿಧಾನವಾಗಿ ಓಲಾಡುತ್ತದೆ. ಅದಕ್ಕೆ ಅಯನಚಲನೆ ಎನ್ನುತ್ತಾರೆ. ಅದರಿಂದಾಗಿ ಸೂರ್ಯ ನಕ್ಷತ್ರವೊಂದರಿಂದ ಹೊರಟು ಅದೇ ನಕ್ಷತ್ರಕ್ಕೆ ಬರುವ ವರ್ಷವು, ಋತುವಿನಿಂದ ಋತುವಿಗೆ ಬರುವ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ನಮ್ಮ ಪಂಚಾಂಗ ಮೊದಲನೆಯದನ್ನು ಹಿಡಿದಿದೆ. 20 ನಿಮಿಷ ಏನು ಮಹಾ? ಸುಮಾರು 72 ವರ್ಷಕ್ಕೆ ಒಂದು ದಿನ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಮಕರ ಸಂಕ್ರಾಂತಿಯಂದು. ಆ ದಿನ ಜನವರಿ 12. ಈಗ ಯುವದಿನದ ಮೆರವಣಿಗೆ ಮುಗಿದು ಎರಡು ಮೂರು ದಿನವಾದ ಮೇಲೆ ಸಂಕ್ರಾಂತಿ ಬರುತ್ತದೆ. ಒಂದೂವರೆ ಶತಮಾನದಲ್ಲಿ ಇಷ್ಟು ಜಾರಿದರೆ, ಹದಿನೈದು ಹದಿನೇಳು ಶತಮಾನದಲ್ಲಿ ಎಷ್ಟು? ಹಿಂದೆ ಲೆಕ್ಕ ಹಾಕುತ್ತ ಹೋದರೆ ಸಂಕ್ರಾಂತಿ ಮತ್ತು ನಿಜವಾದ ಉತ್ತರಾಯಣ ಒಂದೇ ದಿನ ಬಿದ್ದಿದ್ದು ಗುಪ್ತರ ಕಾಲದ ಆಸುಪಾಸಿನಲ್ಲಿ. ಹೊಯ್ಸಳರ ಮೂಲಸ್ಥಾನವೆನ್ನುವ ಸೊಸೆವೂರು, ಅಂದರೆ ಇವತ್ತಿನ ಅಂಗಡಿ, ಇದೇ ಮೂಡಿಗೆರೆ ತಾಲ್ಲೂಕಿನಲ್ಲಿದೆ. ಹೊಯ್ಸಳರ ಶಾಸನಗಳಲ್ಲಿ ಉತ್ತರಾಯಣ ಸಂಕ್ರಮಣದ ಪುಣ್ಯಕಾಲದಲ್ಲಿ ಭೂಮಿ ಧಾರೆಯೆರೆದ ಉಲ್ಲೇಖಗಳು ಬೇಕಾದಷ್ಟಿವೆ. ಅವರು ಧಾರೆಯೆರೆಯುವ ಹೊತ್ತಿಗಾಗಲೇ ಸೂರ್ಯ ತಿರುಗಿ ಹತ್ತು ಹನ್ನೆರಡು ದಿನವಾಗಿರುತ್ತಿತ್ತು. ಅವರ ಕಾಲದಿಂದ ಈಚೆಗೆ ಅಷ್ಟೇ ದಿನ ಇನ್ನೂ ಸೇರಿದೆ.

ಇನ್ನು ಸಂಕಲ್ಪ. ಪೂಜೆಗೆ ಕೂತವರು ದೇವರ ಮುಂದೆ ಮೊದಲು ಹೇಳುವುದೇ ತಾವು ಯಾವ ಕಾಲದಲ್ಲಿ, ಯಾವ ಜಾಗದಲ್ಲಿ ಕೂತಿದ್ದೇವೆ ಎಂಬುದನ್ನು. ಡಿಸೆಂಬರ್ 22ರಿಂದ ಜನವರಿ 14ರವರೆಗೆ ನಾಡಿನ ದೇವಸ್ಥಾನಗಳಲ್ಲೆಲ್ಲ ಆ ಸಂಕಲ್ಪ 'ದಕ್ಷಿಣಾಯನೇ' ಎನ್ನುತ್ತದೆ, ಸೂರ್ಯ ಉತ್ತರಕ್ಕೆ ನಡೆಯುತ್ತಿರುವಾಗ. ಜೂನ್ 22ರಿಂದ ಜುಲೈ ಮಧ್ಯದವರೆಗೆ 'ಉತ್ತರಾಯಣೇ' ಎನ್ನುತ್ತದೆ, ಸೂರ್ಯ ದಕ್ಷಿಣಕ್ಕೆ ಇಳಿಯುತ್ತಿರುವಾಗ. ವರ್ಷದಲ್ಲಿ ಏಳು ವಾರ ದೇವರಿಗೇ ತಪ್ಪು ವಿಳಾಸ ಕೊಡುತ್ತೇವೆ. ವೈಜ್ಞಾನಿಕತೆ ಬೇಡ, ಕನಿಷ್ಠ ಶ್ರದ್ಧೆಯಾದರೂ ಇದ್ದರೆ ಇದು ಯಾರನ್ನೂ ಕಾಡಬಾರದೇ?

ಹಿಂದಿನವರನ್ನು ಕಾಡಿತ್ತು. ಬೇಸರದ ಸಂಗತಿ ಅದೇ. ವೇದಾಂಗ ಜ್ಯೋತಿಷದಲ್ಲಿ ಉತ್ತರಾಯಣ ಶುರುವಾಗುವುದು ಧನಿಷ್ಠೆಯ ಆರಂಭದಲ್ಲಿ, ಮಕರದ ಆರಂಭದಲ್ಲಿ ಅಲ್ಲ. ಆರನೇ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಈ ವಿಷಯವನ್ನೇ ಎತ್ತಿಕೊಳ್ಳುತ್ತಾನೆ: ಹಳೆಯ ಗ್ರಂಥಗಳ ಪ್ರಕಾರ ದಕ್ಷಿಣಾಯನ ಆಶ್ಲೇಷೆಯ ಅರ್ಧದಲ್ಲಿ ಆಗುತ್ತಿತ್ತು, ಈಗ ಕರ್ಕಾಟಕದ ಆರಂಭದಲ್ಲಿ ಆಗುತ್ತಿದೆ, ಮುಂದೆ ವ್ಯತ್ಯಾಸ ಬಂದರೆ ಸೂರ್ಯ ಹುಟ್ಟುವ ಮುಳುಗುವ ಜಾಗವನ್ನೂ ನೆರಳನ್ನೂ ಗುರುತು ಹಾಕಿ ಕಣ್ಣಾರೆ ನೋಡಿ ನಿರ್ಧರಿಸಿ ಎನ್ನುತ್ತಾನೆ. ಅಂದರೆ ಕಣದ ಮೂಲೆಯ ಕೋಲು ವಿದೇಶಿಯರ ಕುಮ್ಮಕ್ಕಲ್ಲ, ವರಾಹಮಿಹಿರನ ಆದೇಶ. ಕೇರಳದ ವಟಶ್ಶೇರಿ ಪರಮೇಶ್ವರ ದಶಕಗಳ ಕಾಲ ಗ್ರಹಣಗಳನ್ನು ನೋಡಿ ನೋಡಿ, ಇದ್ದ ಲೆಕ್ಕ ಆಕಾಶಕ್ಕೆ ಹೊಂದುತ್ತಿಲ್ಲವೆಂದು 1431ರಲ್ಲಿ ದೃಗ್ಗಣಿತ ಎಂಬ ಹೊಸ ಪದ್ಧತಿಯನ್ನೇ ಬರೆದ. ಇವರು ಪರಂಪರೆ. ಆಕಾಶದ ಕಡೆ ತಲೆಯೆತ್ತದೆ ಅಚ್ಚಾದ ಪುಟಕ್ಕೆ ಕೈಮುಗಿಯುವವರು ಪರಂಪರೆಯ ಹೆಸರಿನಲ್ಲಿ ಇವರ ಕೆಲಸವನ್ನು ನಿಲ್ಲಿಸಿದವರು.

ಋತುಗಳಿಗೆ ಹೊಂದುತ್ತದೆ ಎಂಬ ಮಾತನ್ನು ಮಲೆನಾಡಿನಲ್ಲಿ ನಿಂತು ಪರೀಕ್ಷಿಸುವುದು ಇನ್ನೂ ಸುಲಭ. ಯುಗಾದಿಗೆ ಪ್ರಕೃತಿಯೇ ಹೊಸ ವರ್ಷ ಆಚರಿಸುತ್ತದಂತೆ. ಯಾವ ಯುಗಾದಿಗೆ? 2021ರಲ್ಲಿ ಯುಗಾದಿ ಏಪ್ರಿಲ್ 13ಕ್ಕೆ ಬಂತು, 2026ರಲ್ಲಿ ಮಾರ್ಚ್ 19ಕ್ಕೆ. 25 ದಿನ ಅತ್ತಿತ್ತ ಓಡಾಡುವ ಹಬ್ಬದ ತಾರೀಕಿಗೆ ಮಾವಿನ ಮರ ಹೇಗೆ ಕಾದು ಕೂರುತ್ತದೆ? ಕಾಫಿ ಗಿಡವಂತೂ ಕೇರೇ ಮಾಡುವುದಿಲ್ಲ. ಅದಕ್ಕೆ ಬೇಕಾದ್ದು ಹೂಮಳೆ. ಒಂದಿಂಚು ಚೆನ್ನಾಗಿ ಹುಯ್ದರೆ ಹತ್ತು ದಿನದೊಳಗೆ ತೋಟವೆಲ್ಲ ಬಿಳಿ. ಹುಯ್ಯದಿದ್ದರೆ ಯಾವ ಸಂವತ್ಸರ ಬಂದರೂ ಮೊಗ್ಗು ಬಿಗಿದುಕೊಂಡೇ ಇರುತ್ತದೆ. ರೊಬಸ್ಟಾ ಬೆಳೆಗಾರರು ಕಾಯುವ ತಾಪತ್ರಯವೇ ಬೇಡವೆಂದು ಫೆಬ್ರುವರಿ, ಮಾರ್ಚಿನಲ್ಲಿ ಸ್ಪ್ರಿಂಕ್ಲರ್ ಹಚ್ಚಿ ಹೂ ಬಿಡಿಸುತ್ತಾರೆ. ಅವರ ತೋಟದಲ್ಲಿ ವಸಂತ ಬರುವುದು ಡೀಸೆಲ್ ಪಂಪಿನ ಜೊತೆ.

ಮಳೆ ನಕ್ಷತ್ರಗಳ ಮಾತು ಬೇರೆ ಎನ್ನುವವರಿದ್ದಾರೆ. ಭರಣಿ, ರೋಹಿಣಿ, ಮೃಗಶಿರ, ಆರಿದ್ರ, ಪುಷ್ಯ, ಆಶ್ಲೇಷ, ಹುಬ್ಬೆ, ಉತ್ತರೆ: ಈ ಹೆಸರುಗಳಿಲ್ಲದೆ ಮಲೆನಾಡಿನ ಗದ್ದೆ ಕೆಲಸವನ್ನು ಮಾತಾಡಲೇ ಆಗುತ್ತಿರಲಿಲ್ಲ. ಸಸಿಮಡಿ ಯಾವಾಗ, ನಾಟಿ ಯಾವಾಗ, ಬಿಸಿಲು ಯಾವಾಗ ಕಾಣಿಸಿಕೊಳ್ಳುತ್ತದೆ ಎಂಬ ತಲೆಮಾರುಗಳ ಅನುಭವವನ್ನು ಆ ಹೆಸರುಗಳ ಜೊತೆ ಕಟ್ಟಿಟ್ಟಿದ್ದರು. ಒಳ್ಳೆಯ ಕೆಲಸ. ಆದರೆ ಈ ಮಳೆಗಳೂ ಅದೇ ಜಾರುವ ಲೆಕ್ಕಕ್ಕೆ ಗಂಟುಬಿದ್ದಿವೆ. ಏಳು ನೂರು ವರ್ಷದ ಹಿಂದೆ ಯಾರೋ ರೈತ ಆರಿದ್ರೆಯ ಬಗ್ಗೆ ಗಾದೆ ಕಟ್ಟಿದ್ದರೆ, ಅವನ ಆರಿದ್ರೆ ಋತುಮಾನದ ಲೆಕ್ಕದಲ್ಲಿ ನಮ್ಮದಕ್ಕಿಂತ ಸುಮಾರು ಹತ್ತು ದಿನ ಮೊದಲೇ ಬರುತ್ತಿತ್ತು. ಗಾದೆ ನಿಂತಲ್ಲೇ ನಿಂತಿದೆ, ನಕ್ಷತ್ರ ಸರಿದುಹೋಗಿದೆ. ಮುಂಗಾರಿಗಂತೂ ಎರಡರ ಹಂಗೂ ಇಲ್ಲ. 2023ರಲ್ಲಿ ಅದು ಕೇರಳ ಮುಟ್ಟಿದ್ದು ಜೂನ್ 8ಕ್ಕೆ, 2025ರಲ್ಲಿ ಮೇ 24ಕ್ಕೆ. ಸೂರ್ಯ ಎರಡೂ ವರ್ಷ ಅದೇ ದಿನ ಅದೇ ನಕ್ಷತ್ರಕ್ಕೆ ಬಂದ, ಮಳೆ ಬರಲಿಲ್ಲ. 2019ರ ಆಗಸ್ಟಿನಲ್ಲಿ ಆಶ್ಲೇಷ ಮಳೆಗೆ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯ ಕಡೆ ಗುಡ್ಡಗಳೇ ಕುಸಿದು ತೋಟ ಗದ್ದೆ ಮನೆಗಳು ಹೋದವು. ಯುಗಾದಿಯ ಪಂಚಾಂಗ ಶ್ರವಣದಲ್ಲಿ ಆ ವರ್ಷವೂ ಇಷ್ಟು ಕೊಳಗ ಮಳೆ, ಇಂಥವನು ಮೇಘಾಧಿಪತಿ ಎಂದು ಎಲ್ಲ ಕಡೆಯಂತೆ ಓದಿಯೇ ಇದ್ದರು.

ಈ ಮೇಘಾಧಿಪತಿ ಆಯ್ಕೆಯಾಗುವ ಬಗೆಯನ್ನು ಒಮ್ಮೆ ನೋಡಬೇಕು. ಯುಗಾದಿ ಯಾವ ವಾರ ಬಿತ್ತೋ ಆ ವಾರದ ಗ್ರಹ ವರ್ಷದ ರಾಜ. ಮೇಷ ಸಂಕ್ರಮಣದ ವಾರದ ಗ್ರಹ ಮಂತ್ರಿ. ಸೂರ್ಯ ಆರ್ದ್ರೆಗೆ ಹೋಗುವ ವಾರದ ಗ್ರಹ ಮೇಘಾಧಿಪತಿ. ಮಳೆಯ ಖಾತೆ ಹಂಚಿಕೆಯಾಗುವುದು ವಾರದ ಮೇಲೆ! ವಾರ ಎಲ್ಲಿಂದ ಬಂತು? ವೇದಾಂಗ ಜ್ಯೋತಿಷದಲ್ಲಿ ತಿಥಿ ಇದೆ, ನಕ್ಷತ್ರ ಇದೆ, ವಾರ ಇಲ್ಲ. ಏಳು ಗ್ರಹಗಳ ವಾರ ಬಾಬಿಲೋನಿನ ಗ್ರಹಜ್ಞಾನ, ಗ್ರೀಕರ ಜ್ಯೋತಿಷಗಳ ಹಾದಿಯಲ್ಲಿ ಬಂದು ನಮ್ಮಲ್ಲಿ ನೆಲೆಸಿತು. ಭಾರತದ ಶಾಸನವೊಂದರಲ್ಲಿ ಅದು ಮೊದಲು ಕಾಣಿಸಿಕೊಳ್ಳುವುದು ಕ್ರಿ.ಶ. 484ರ ಏರಣ್ ಶಾಸನದಲ್ಲಿ. ಹನ್ನೆರಡು ರಾಶಿಗಳದ್ದೂ ಅದೇ ಕತೆ. ವರಾಹಮಿಹಿರ ಇದನ್ನು ಮುಚ್ಚಿಡಲಿಲ್ಲ. ಪಂಚಸಿದ್ಧಾಂತಿಕೆಯಲ್ಲಿ ರೋಮಕ, ಪೌಲಿಶ ಸಿದ್ಧಾಂತಗಳನ್ನು ಹೆಸರಿಟ್ಟು ಸೇರಿಸಿ, ನಮ್ಮವುಗಳ ಜೊತೆ ತೂಗಿ ನೋಡಿದ. ಹೊರಗಿನ ಲೆಕ್ಕ ಬೇಡವೆನ್ನುವ ಉಗ್ರ ಸ್ವದೇಶಿಗಳು ಮೊದಲು ಭಾನುವಾರವನ್ನು ಬಿಡಬೇಕಾಗುತ್ತದೆ, ಆಮೇಲೆ ತಮ್ಮ ರಾಶಿಫಲವನ್ನು.

'ನಮ್ಮ' ಪಂಚಾಂಗ ಎನ್ನುತ್ತಾರಲ್ಲ, ಯಾವುದು ಅದು? ಜಾವಳಿಯ ಆಜುಬಾಜಿನ ಒಂದು ಕಾಫಿ ತೋಟವನ್ನು ಕಲ್ಪಿಸಿಕೊಳ್ಳಿ. ದೊಡ್ಡಮನೆಯಲ್ಲಿ ಚಾಂದ್ರಮಾನ ಯುಗಾದಿ. ಘಟ್ಟದ ಕೆಳಗಿನಿಂದ ಬಂದು ಲೈನ್ ಮನೆಯಲ್ಲಿರುವವರಿಗೆ ಹೊಸ ವರ್ಷ ಬಿಸು. ಅವರ ಪಗ್ಗು, ಬೇಶ, ಕಾರ್ತೆಲ್, ಆಟಿ, ಸೋಣ ತಿಂಗಳುಗಳು ಸೌರಮಾನದವು. ತಮಿಳು ಕುಟುಂಬಗಳಿಗೆ ಚಿತ್ತಿರೈ. ಸಾಬರ ಮನೆಯಲ್ಲಿ ಹಿಜರಿ. ಉತ್ತರದ ರಾಜ್ಯಗಳಿಂದ ಈಚೆಗೆ ಕುಯ್ಲಿಗೆ ಬರುತ್ತಿರುವವರಿಗೆ ತಿಂಗಳು ಮುಗಿಯುವುದೇ ಹುಣ್ಣಿಮೆಗೆ, ನಮಗೆ ಅಮಾವಾಸ್ಯೆಗೆ. ಉಡುಪಿಯ ಸೌರಮಾನದ ಕೃಷ್ಣಾಷ್ಟಮಿಗೂ ಘಟ್ಟದ ಮೇಲಿನ ಚಾಂದ್ರಮಾನದ ಅಷ್ಟಮಿಗೂ ಕೆಲವು ವರ್ಷ ಒಂದು ತಿಂಗಳಿನಷ್ಟು ಅಂತರ ಬೀಳುತ್ತದೆ. ಎರಡು ಕಡೆ ಎರಡು ಸಲ ಹುಟ್ಟುವುದಕ್ಕೆ ಕೃಷ್ಣನ ಅಭ್ಯಂತರವೇನಿಲ್ಲ. ಗುಜರಾತಿಗಳ ವರ್ಷ ದೀಪಾವಳಿ ಕಳೆದ ಮೇಲೆ, ಮಲಯಾಳಿಗಳ ಕೊಲ್ಲಂ ವರ್ಷ ಚಿಂಗಂ ತಿಂಗಳಲ್ಲಿ. ಇಷ್ಟನ್ನೂ ಒರೆಸಿ 'ಹಿಂದೂ ಹೊಸ ವರ್ಷ' ಎಂಬ ಒಂದೇ ದಿನವನ್ನು ಮಾಡಿಟ್ಟವರು ಬ್ರಿಟಿಷರಲ್ಲ. ತೋಟದ ಬಟವಾಡೆ, ಮಳೆ ಪುಸ್ತಕ, ಬ್ಯಾಂಕಿನ ಸಾಲ, ಮಕ್ಕಳ ಶಾಲೆ ನಡೆಯುವುದು ಮಾತ್ರ ಅವರೆಲ್ಲರೂ ಒಪ್ಪಿಕೊಂಡ ಜನವರಿ, ಫೆಬ್ರುವರಿಗಳಲ್ಲಿ.

ಕಾಫಿಯ ಮಾತೇ ಬಂದಿದ್ದರಿಂದ ಅದು ಬಂದ ದಾರಿಯನ್ನೂ ನೋಡೋಣ. ಅದರ ತವರು ಇಥಿಯೋಪಿಯಾ. ಅಲ್ಲಿನ ವರ್ಷಕ್ಕೆ 13 ತಿಂಗಳು: ಮೂವತ್ತು ದಿನದ ಹನ್ನೆರಡು, ಐದು ಇಲ್ಲವೇ ಆರು ದಿನದ ಹದಿಮೂರನೆಯದು. ಹೊಸ ವರ್ಷ ಸೆಪ್ಟೆಂಬರಿನಲ್ಲಿ. ಜಗತ್ತೆಲ್ಲ 2000 ದಾಟಿ ಏಳು ವರ್ಷವಾದ ಮೇಲೆ, 2007ರಲ್ಲಿ, ಅವರು ತಮ್ಮ ಎರಡು ಸಾವಿರವನ್ನು ಸಡಗರದಿಂದ ಆಚರಿಸಿದರು. ಅಲ್ಲಿಂದ ಕಾಫಿ ಯೆಮನ್‌ಗೆ ಹೋಯಿತು. ಹಿಜರಿ ವರ್ಷಕ್ಕೆ 354 ಇಲ್ಲವೇ 355 ದಿನ, ರಂಜಾನ್ ಎಲ್ಲ ಋತುಗಳನ್ನೂ ಸುತ್ತಿ ಬರಲು ಸುಮಾರು 33 ವರ್ಷ. ಆ ಲೆಕ್ಕ ಋತುವಿನ ಗೊಡವೆಗೇ ಹೋಗುವುದಿಲ್ಲ, ಹೋಗುತ್ತೇನೆಂದು ಕೊಚ್ಚಿಕೊಳ್ಳುವುದೂ ಇಲ್ಲ. ಹಾಗಾಗಿ ಯೆಮನಿನ ರೈತರು ಬಿತ್ತನೆಗೆ ನಕ್ಷತ್ರಗಳ ಬೇರೊಂದು ಲೆಕ್ಕವನ್ನೇ ಇಟ್ಟುಕೊಂಡರು. ಹದಿಮೂರನೇ ಶತಮಾನದಲ್ಲಿ ಅಲ್ಲಿನ ರಸೂಲಿ ಸುಲ್ತಾನ ಅಲ್ ಅಶ್ರಫ್ ಉಮರ್ ಕೃಷಿ ಕೆಲಸಗಳ ಪಂಚಾಂಗವನ್ನೇ ಬರೆದ. ನಮ್ಮ ಮಳೆ ನಕ್ಷತ್ರಗಳಿಗೆ ಅವು ದೂರದ ದಾಯಾದಿಗಳು. ಆ ಯೆಮನಿನಿಂದ ಬಾಬಾ ಬುಡನ್ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟನೆಂಬುದು ಐತಿಹ್ಯ. ಆಕಾಶ ನೋಡಿ ಬೇಸಾಯ ಮಾಡುವ ಬುದ್ಧಿ ಒಂದು ಜನಾಂಗದ ಪಿತ್ರಾರ್ಜಿತವಾಗಿದ್ದರೆ ಆ ಗಿಡ ಇಷ್ಟು ದೇಶ ದಾಟಿ ಬದುಕುತ್ತಿತ್ತೇ?

ಅಧಿಕಮಾಸವೂ ನಮ್ಮೊಬ್ಬರ ಸೊತ್ತಲ್ಲ. ಚಂದ್ರನನ್ನೂ ಸೂರ್ಯನನ್ನೂ ಒಟ್ಟಿಗೆ ಸಂಭಾಳಿಸಲು ಹೊರಟ ಎಲ್ಲರೂ, ಬಾಬಿಲೋನಿಯರು, ಯೆಹೂದಿಗಳು, ಚೀನೀಯರು, 19 ವರ್ಷಕ್ಕೆ ಏಳು ಹೆಚ್ಚುವರಿ ತಿಂಗಳು ಸೇರಿಸುವ ಉಪಾಯಕ್ಕೇ ಬಂದರು. ಚೀನೀಯರ ನಿಯಮವಂತೂ ನಮ್ಮದರ ಅವಳಿ. ಸಂಕ್ರಮಣವಿಲ್ಲದ ತಿಂಗಳು ನಮಗೆ ಅಧಿಕ. ಸೂರ್ಯನ ಹನ್ನೆರಡು ಮುಖ್ಯ ಘಟ್ಟಗಳಲ್ಲಿ ಒಂದೂ ಬೀಳದ ತಿಂಗಳು ಅವರಿಗೆ ಅಧಿಕ. ವ್ಯತ್ಯಾಸ ಇಷ್ಟೇ: ಅವರ ಘಟ್ಟಗಳು ಋತುವಿಗೆ ಕಟ್ಟಿದವು, ಆದ್ದರಿಂದ ಅವರ ಚಳಿಗಾಲದ ಅಯನದ ಹಬ್ಬ ಇವತ್ತಿಗೂ ಡಿಸೆಂಬರ್ 21-22ಕ್ಕೇ ಬರುತ್ತದೆ. 1281ರಲ್ಲಿ ಗುವೋ ಶೌಜಿಂಗ್ ವರ್ಷದ ಉದ್ದವನ್ನು 365.2425 ದಿನ ಎಂದಿಟ್ಟ. ಮುನ್ನೂರು ವರ್ಷ ಕಳೆದು ರೋಮಿನ ಪೋಪ್ ಹದಿಮೂರನೇ ಗ್ರೆಗರಿ ತಂದ ಕ್ಯಾಲೆಂಡರಿನ ಸರಾಸರಿ ವರ್ಷವೂ ಅಷ್ಟೇ. ಅದಕ್ಕೂ ಮೊದಲು, 1079ರಲ್ಲಿ, ಉಮರ್ ಖಯ್ಯಾಮ್ ಇದ್ದ ತಂಡ ಪರ್ಷಿಯಾದ ಜಲಾಲಿ ಪಂಚಾಂಗವನ್ನು ಸರಿಮಾಡಿ ನೌರೋಜನ್ನು ವಿಷುವಕ್ಕೆ ಬಿಗಿಯಿತು. ಇವತ್ತಿಗೂ ಇರಾನಿನ ಹೊಸ ವರ್ಷ ಶುರುವಾಗುವುದು ಹಗಲು ರಾತ್ರಿ ಸಮವಾಗುವ ಆ ವಿಷುವಕ್ಕೆ. 'ಪ್ರಕೃತಿಯ ಹೊಸ ವರ್ಷ' ಎಂಬ ಬಿರುದನ್ನು ಯಾರಿಗಾದರೂ ಕೊಡಲೇಬೇಕಿದ್ದರೆ ಅದು ಯುಗಾದಿಗೆ ಸಲ್ಲುವುದಿಲ್ಲ, ನೌರೋಜಿಗೆ ಸಲ್ಲುತ್ತದೆ. ಮೊಬೈಲಿನಲ್ಲಿ ಈ ಮಾತು ಯಾಕೋ ಓಡಾಡುವುದಿಲ್ಲ.

ಗ್ರೆಗರಿಯ ತಿದ್ದುಪಡಿ ಸಲೀಸಾಗಿ ಆಗಲಿಲ್ಲ. 1582ರ ಅಕ್ಟೋಬರ್ 4ರ ಮರುದಿನವನ್ನು 15 ಎಂದು ಕರೆದು ಹತ್ತು ದಿನ ಕತ್ತರಿಸಿದಾಗ ಪ್ರಾಟೆಸ್ಟಂಟ್ ದೇಶಗಳು ಒಪ್ಪಲಿಲ್ಲ. ಪೋಪ್ ಹೇಳಿದನೆಂಬ ಒಂದೇ ಹಟಕ್ಕೆ ಇಂಗ್ಲೆಂಡ್ 1752ರವರೆಗೆ ತಪ್ಪು ತಾರೀಕಿನಲ್ಲಿ ಬದುಕಿತು. ರಷ್ಯಾ 1918ರವರೆಗೆ. ಅಲ್ಲಿನ ಚರ್ಚು ಇನ್ನೂ ಹಳೆಯದನ್ನೇ ಹಿಡಿದು ಕ್ರಿಸ್‌ಮಸ್ಸನ್ನು ಜನವರಿ 7ಕ್ಕೆ ಆಚರಿಸುತ್ತಿದೆ. ಹದಿಮೂರು ದಿನ ಹಿಂದೆ. ಪಾಶ್ಚಾತ್ಯರನ್ನು ಹಳಿದುಕೊಂಡು ಸಂಕ್ರಾಂತಿಯ ತಾರೀಕನ್ನು ಕಾಯುವವರು ಇಡೀ ಜಗತ್ತಿನಲ್ಲಿ ಹೆಚ್ಚು ಹೋಲುವುದು ಆ ರಷ್ಯನ್ ಪಾದ್ರಿಗಳನ್ನೇ. ಜನವರಿ ಒಂದಕ್ಕೆ ಆಕಾಶದಲ್ಲಿ ಯಾವ ಮಹತ್ವವೂ ಇಲ್ಲ, ನಿಜ. ಇದೆ ಎಂದು ಅದು ಹೇಳಿಕೊಂಡೂ ಇಲ್ಲ. ಅದರ ಪ್ರತಿಜ್ಞೆ ಒಂದೇ: ಋತುವಿನಿಂದ ಕದಲುವುದಿಲ್ಲ ಎಂದು. ಮೂರು ಸಾವಿರ ವರ್ಷಕ್ಕೆ ಒಂದು ದಿನದಷ್ಟು ಮಾತ್ರ ತಪ್ಪಿ ಅದು ಮಾತು ಉಳಿಸಿಕೊಂಡಿದೆ.

ಇಷ್ಟು ಹೇಳಿದ ಮೇಲೆ ಒಂದು ಸಮಜಾಯಿಷಿ ಬರುತ್ತದೆ. ನಮ್ಮದು ನಿರಯನ ಪದ್ಧತಿ, ನಕ್ಷತ್ರಗಳಿಗೆ ಕಟ್ಟಿದ್ದು, ಋತುವಿಗಲ್ಲ ಎಂದು. ಸರಿ, ಒಪ್ಪೋಣ. ಹಾಗಾದರೆ ಋತುವಿಗೆ ಹೊಂದುವ ಏಕೈಕ ಕಾಲಗಣನೆ ಎಂದು ಹೇಳಿದವರು ಯಾರು? ಒಂದು ಬಾಯಲ್ಲಿ ಎರಡು ನಾಲಿಗೆ ಬೇಡ. ನಕ್ಷತ್ರವೇ ಮುಖ್ಯವಾದರೆ ವಸಂತ, ಉತ್ತರಾಯಣ, ಪ್ರಕೃತಿ ಎಂಬ ಮಾತುಗಳನ್ನು ಬಿಟ್ಟುಬಿಡಿ. ಋತುವೇ ಮುಖ್ಯವಾದರೆ 24 ದಿನ ತಿದ್ದಿಕೊಳ್ಳಿ. ವೈದಿಕರ ಮಧು, ಮಾಧವ, ಶುಕ್ರ, ಶುಚಿ ಮುಂತಾದ ಹನ್ನೆರಡು ತಿಂಗಳುಗಳು ಋತುವಿಗೇ ಹೆಣೆದುಕೊಂಡಿದ್ದವು, ನಕ್ಷತ್ರಕ್ಕಲ್ಲ. ಗ್ರಹಣ ಕರಾರುವಾಕ್ಕಾಗಿ ಹೇಳುತ್ತೇವಲ್ಲ ಎಂಬುದು ಇನ್ನೊಂದು ಸಮಜಾಯಿಷಿ. 18 ವರ್ಷ 11 ದಿನದ ಗ್ರಹಣಚಕ್ರವನ್ನು ಬಾಬಿಲೋನಿಯರು ಕ್ರಿಸ್ತಪೂರ್ವದಲ್ಲೇ ಬಲ್ಲವರಾಗಿದ್ದರು. ಇಂದಿನ ಹಲವು ಪಂಚಾಂಗಗಳು ಗ್ರಹಸ್ಥಾನಕ್ಕೆ ಬಳಸುವ ಕಂಪ್ಯೂಟರ್ ತಂತ್ರಾಂಶದ ಬೇರು ಅಮೆರಿಕದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಅಂಕಿಗಳಲ್ಲಿದೆ. ಅದು ತಪ್ಪಲ್ಲ, ಮಾಡಬೇಕಾದ್ದೇ. ಅದನ್ನೇ ಎತ್ತಿ ಹಿಡಿದು ಋಷಿಗಳ ಲೆಕ್ಕ ಎನ್ನುವುದು ತಪ್ಪು.

ಸ್ವತಂತ್ರ ಭಾರತ ಇದನ್ನು ತಿದ್ದಲು ಒಮ್ಮೆ ನಿಜವಾಗಿ ಪ್ರಯತ್ನಿಸಿತು. 1952ರಲ್ಲಿ ಭೌತವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿ ನೇಮಕವಾಯಿತು. ಎನ್.ಸಿ. ಲಾಹಿರಿ ಕಾರ್ಯದರ್ಶಿ. ದೇಶದಲ್ಲಿ ಬಳಕೆಯಲ್ಲಿದ್ದ ಸುಮಾರು ಮೂವತ್ತು ಪಂಚಾಂಗಗಳನ್ನು ತರಿಸಿ, ಈಜಿಪ್ಟಿನಿಂದ ಚೀನಾದವರೆಗಿನ ಕಾಲಗಣನೆಗಳ ಜೊತೆ ಇಟ್ಟು ನೋಡಿ ಸಮಿತಿ 1955ರಲ್ಲಿ ವರದಿ ಕೊಟ್ಟಿತು. ವಸಂತ ವಿಷುವದ ಮರುದಿನ ಶುರುವಾಗುವ, ಜಾರದ ಶಕವರ್ಷವನ್ನು ಅದು ರೂಪಿಸಿತು. ಹಬ್ಬಗಳನ್ನು 23 ದಿನ ಹಿಂದಕ್ಕೆಳೆಯುವ ಧೈರ್ಯ ಸಮಿತಿಗೂ ಬರಲಿಲ್ಲ. ಆದ ತಪ್ಪು ಆಗಿಹೋಯಿತು, ನಕ್ಷತ್ರದ ಲೆಕ್ಕಕ್ಕೂ ಋತುವಿನ ಲೆಕ್ಕಕ್ಕೂ ನಡುವಿನ ಅಂತರವಾದ ಅಯನಾಂಶವನ್ನು 23 ಡಿಗ್ರಿ 15 ಕಲೆಗೆ ನಿಲ್ಲಿಸಿ ಇನ್ನು ಮುಂದಾದರೂ ಜಾರದಿರಲಿ ಎಂದಷ್ಟೇ ಕೇಳಿಕೊಂಡಿತು. ಸಹಾ 1956ರ ಫೆಬ್ರುವರಿಯಲ್ಲಿ ತೀರಿಕೊಂಡರು. 1957ರ ಮಾರ್ಚ್ 22ರಂದು, ಚೈತ್ರ 1, ಶಕ 1879ರಂದು, ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಆ ತಾರೀಕು ಹಾಕಿದ ಚೆಕ್ಕನ್ನು ಬ್ಯಾಂಕುಗಳು ತೆಗೆದುಕೊಳ್ಳಬೇಕೆಂದು ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. ಹಾಕಿದವರನ್ನು ಯಾರಾದರೂ ಕಂಡಿದ್ದಾರೆಯೇ? ಅದು ರಾಜ್ಯಪತ್ರದ ತಲೆಯಲ್ಲಿ, ಆಕಾಶವಾಣಿಯ ಬೆಳಗಿನ ಪ್ರಕಟಣೆಯಲ್ಲಿ ಉಳಿದುಕೊಂಡಿದೆ. ಶುದ್ಧ ಭಾರತೀಯವೂ ನಿಜಕ್ಕೂ ವೈಜ್ಞಾನಿಕವೂ ಆದ ಪಂಚಾಂಗ ಕೈಯಲ್ಲೇ ಇದೆ. ಸ್ವದೇಶಿಯ ಹೆಸರಿನಲ್ಲಿ ಗಂಟಲು ಹರಿದುಕೊಳ್ಳುವವರಿಗೆ ಅದರ ಹೆಸರೂ ಗೊತ್ತಿಲ್ಲ. ಅವರಿಗೆ ಬೇಕಿದ್ದದ್ದು ಸರಿಯಾದ ಕಾಲವಲ್ಲ, ಬೈಯಲು ಒಬ್ಬ ಪರಕೀಯ.

ತಿದ್ದಲು ಆಗುವುದಿಲ್ಲವೇ? ಬಾಂಗ್ಲಾದೇಶ ತನ್ನ ಪಂಚಾಂಗವನ್ನು ಸುಧಾರಿಸಿ ಪೊಹೆಲಾ ಬೈಶಾಖವನ್ನು ಏಪ್ರಿಲ್ 14ಕ್ಕೆ ನಿಲ್ಲಿಸಿತು. 2003ರಲ್ಲಿ ಸಿಖ್ಖರ ಗುರುದ್ವಾರ ಪ್ರಬಂಧಕ ಸಮಿತಿ ಋತುವರ್ಷಕ್ಕೆ ಕಟ್ಟಿದ ನಾನಕ್‌ಶಾಹಿ ಪಂಚಾಂಗವನ್ನು ಜಾರಿಗೆ ತಂದಿತು. 2010ರಲ್ಲಿ ಹಿಂಜರಿದು ಬದಲಿಸಿತು, ಆ ಜಗಳ ಇನ್ನೂ ಮುಗಿದಿಲ್ಲ. ಇರಲಿ, ಜಗಳವಾದರೂ ಆಗುತ್ತಿದೆ. ನಮ್ಮಲ್ಲಿ ಅದೂ ಇಲ್ಲ. ಕರ್ನಾಟಕದ ಮಠಗಳು ಏಕಾದಶಿಯ ಒಂದು ದಿನದ ವ್ಯತ್ಯಾಸಕ್ಕೆ ಪುಟಗಟ್ಟಲೆ ನಿರ್ಣಯ ಬರೆಯುತ್ತವೆ, 24 ದಿನದ ವ್ಯತ್ಯಾಸಕ್ಕೆ ಒಂದು ಸಾಲನ್ನೂ ಬರೆಯುವುದಿಲ್ಲ. ಪಂಚಾಂಗಕರ್ತರಿಗೆ ಇದು ಗೊತ್ತಿಲ್ಲವೆಂದಲ್ಲ; ಕೆಲವು ಪಂಚಾಂಗಗಳ ಡಿಸೆಂಬರ್ ಪುಟದಲ್ಲಿ 'ಸಾಯನ ಉತ್ತರಾಯಣ', ಅಂದರೆ ಋತುವಿನ ಲೆಕ್ಕದ ಉತ್ತರಾಯಣ, ಎಂದು ಸಣ್ಣಕ್ಷರದಲ್ಲಿ ಇದ್ದೇ ಇರುತ್ತದೆ.

ಆ ಅಕ್ಷರವನ್ನು ದೊಡ್ಡದು ಮಾಡಿ. ಎಳ್ಳು ಬೆಲ್ಲ ಯಾವ ದಿನವಾದರೂ ಹಂಚಿ, ಸಂಕ್ರಾಂತಿಯನ್ನು ಸುಗ್ಗಿಯೆಂದು ಆಚರಿಸಿ, ಕಿಚ್ಚು ಹಾಯಿಸಿ. ಅದನ್ನು ಉತ್ತರಾಯಣ ಎನ್ನುವುದನ್ನು ನಿಲ್ಲಿಸಿ. ಧಾರ್ಮಿಕ ದತ್ತಿ ಇಲಾಖೆ ತನ್ನ ಅಧೀನದ ದೇವಸ್ಥಾನಗಳ ಆಗಮಿಕರನ್ನೂ ಪಂಚಾಂಗಕರ್ತರನ್ನೂ ಖಗೋಳ ವಿಜ್ಞಾನಿಗಳನ್ನೂ ಒಂದೇ ಮೇಜಿನ ಮುಂದೆ ಕೂರಿಸಿ, ಸಂಕಲ್ಪದ ಅಯನವನ್ನಾದರೂ ಮೊದಲು ಸರಿಮಾಡಲಿ. ಕೃಷಿ ಪುರವಣಿಗಳು ಮಳೆ ನಕ್ಷತ್ರವನ್ನು ಮುನ್ಸೂಚನೆಯೆಂದು ಅಚ್ಚುಹಾಕುವುದನ್ನು ಬಿಡಲಿ. ಮಲೆನಾಡಿನ ಎಷ್ಟೋ ತೋಟಗಳಲ್ಲಿ ಇಂಚು, ಸೆಂಟಿನ ಲೆಕ್ಕದಲ್ಲಿ ದಿನವೂ ಬರೆದ ಹಳೆಯ ಮಳೆ ಪುಸ್ತಕಗಳಿವೆ. ಈ ನೆಲದ ಋತುವನ್ನು ನಿಜವಾಗಿ ಬಲ್ಲ ಪಂಚಾಂಗ ಅವು. ಕಾಫಿ ಮಂಡಳಿಯೂ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರವೂ ಬೆಳೆಗಾರರ ಸಂಘಗಳೂ ಅವುಗಳನ್ನು ಗೆದ್ದಲು ತಿನ್ನುವ ಮೊದಲು ಒಟ್ಟುಮಾಡಿ ಎಲ್ಲರಿಗೂ ಸಿಗುವಂತೆ ಮಾಡಲಿ. ಜಾವಳಿ, ಕಳಸ, ಮೂಡಿಗೆರೆಯ ಮೇಷ್ಟ್ರುಗಳು ಬರುವ ಡಿಸೆಂಬರಿನಲ್ಲಿ ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ ಒಂದು ಕೋಲು ನೆಡಿಸಲಿ, ಸಂಕ್ರಾಂತಿಯವರೆಗೆ ನೆರಳು ಅಳೆಸಲಿ. ಆಮೇಲೂ ಆ ಹಳೆಯ ಪಾಠ ಮೊಬೈಲಿಗೆ ಬಂದರೆ, ಕಳಿಸಿದವರಿಗೆ ಮಕ್ಕಳ ಅಳತೆಯನ್ನೇ ಉತ್ತರವಾಗಿ ಕಳಿಸಿ.